ತನಿಖೆಗೆ ಬಂದವರು ಒಂದು ಪಾಠ ಮಾಡಿ ಹೋಗಿ

ರಾಜ್ಯದ ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಶಿಕ್ಷಣ ಸಂಯೋಜಕರಿಗೆ, ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ (ಬಿಆರ್‌ಪಿ, ಸಿಆರ್‌ಪಿ),



ನಿಮ್ಮಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಮೇಷ್ಟ್ರುಗಳು, ಟೀಚರುಗಳು. ಹಾಜರಿ ಕರೆದು, ಕಪ್ಪುಹಲಗೆಯ ಮುಂದೆ ನಿಂತು, ಅಳುವ ಮಗುವನ್ನು ಸಮಾಧಾನ ಮಾಡಿ, ಆಮೇಲೆ ಪರೀಕ್ಷೆ ಬರೆದೋ ಬಡ್ತಿ ಸಿಕ್ಕಿಯೋ ಮೇಲ್ವಿಚಾರಣೆಯ ಕೆಲಸಕ್ಕೆ ಬಂದವರು. ನೇರ ನೇಮಕಾತಿಯಲ್ಲಿ ಬಂದವರೂ ಇದ್ದೀರಿ, ಈ ಪತ್ರ ನಿಮಗೂ ಸೇರಿದ್ದು. ನಾನು ದಕ್ಷಿಣ ಕನ್ನಡದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಸೇವೆಯಲ್ಲಿದ್ದಾಗ ಮೇಲಿನವರಿಗೆ ಹೀಗೆಲ್ಲ ಬರೆಯುವ ರೂಢಿ ಇರುವುದಿಲ್ಲ, ನಿಮಗೇ ಗೊತ್ತು. ಈಗ ಬರೆಯುತ್ತಿದ್ದೇನೆ. ನಿಮ್ಮದೇ ಹುದ್ದೆಯಲ್ಲಿ ನೂರು ವರ್ಷಗಳ ಹಿಂದೆ ಇದ್ದ ಒಬ್ಬರ ನೌಕರಿಯ ವಿಚಾರವನ್ನು ನಿಮ್ಮ ಮುಂದಿಟ್ಟು, ಅದರ ಬಲದ ಮೇಲೆ ನಿಮ್ಮಲ್ಲಿ ಒಂದು ಬೇಡಿಕೆ ಇಡುವುದು ನನ್ನ ಉದ್ದೇಶ.

ಅವರು ಪಂಜೆ ಮಂಗೇಶರಾಯರು.

ಹೆಸರು ಕೇಳಿದ ಕೂಡಲೇ ನಿಮ್ಮ ಬಾಯಿಗೆ ಅವರ ಪದ್ಯ ಬಂದಿರುತ್ತದೆ. ಬರಲೇಬೇಕು, ಕನ್ನಡ ಶಾಲೆಯಲ್ಲಿ ಕಲಿತ ಯಾರಿಗೂ ಅದು ತಪ್ಪಿದ್ದಲ್ಲ. ಆದರೆ ಅವರನ್ನು ನಾವು ಕವಿಯೆಂದು ಮಾತ್ರ ಇಟ್ಟುಕೊಂಡೆವು, ಅವರು ಹೊಟ್ಟೆಪಾಡಿಗೆ ಮಾಡಿದ ಕೆಲಸವನ್ನು ಮರೆತೆವು. ಕಾಲೇಜಿನ ಕನ್ನಡ ಪಂಡಿತ, ಶಾಲಾ ಇನ್‌ಸ್ಪೆಕ್ಟರು, ಟ್ರೈನಿಂಗ್ ಶಾಲೆಯ ಅಧ್ಯಾಪಕ, ಹೈಸ್ಕೂಲಿನ ಹೆಡ್‌ಮಾಸ್ತರು. ಇದು ಅವರ ಸೇವಾಪುಸ್ತಕ. ನಿಮ್ಮದಕ್ಕೂ ಇದಕ್ಕೂ ಬಹಳ ದೂರವೇನಿಲ್ಲ. ಆ ಕಥೆ, ಆ ಹಾಡುಗಳೆಲ್ಲ ಬಿಡುವಿನ ವೇಳೆಯಲ್ಲಿ ಹುಟ್ಟಿದವು ಎಂದು ಜನ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವು ಆ ನೌಕರಿಯ ಒಳಗೇ ಹುಟ್ಟಿದವು. ಊರೂರು ಸುತ್ತಿ ತರಗತಿಗಳ ಒಳಗೆ ಕುಳಿತ ಅಧಿಕಾರಿಯೊಬ್ಬ, ಅಲ್ಲಿ ಏನಿಲ್ಲ ಎಂಬುದನ್ನು ಕಂಡು, ಇಲ್ಲದ್ದನ್ನು ತಾನೇ ಮಾಡಿಕೊಟ್ಟ ಫಲ ಅದು.

ಅವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ತಂದೆ ಬೇಗ ತೀರಿಕೊಂಡರು. ಮನೆಯ ಭಾರ ಹೆಗಲ ಮೇಲೆ ಇದ್ದಾಗಲೇ ಮಂಗಳೂರಿಗೆ ಬಂದು, ಮನೆಪಾಠ ಹೇಳಿ, ಆ ದುಡ್ಡಿನಲ್ಲಿ ಓದಿದರು. 1896ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಜಾಗ ಸಿಕ್ಕಿತು. ಆ ಕಾಲದಲ್ಲಿ ಕಾಲೇಜಿನ ಕನ್ನಡ ಪಂಡಿತನಿಗೆ ಇಂಗ್ಲಿಷ್ ವಿಷಯ ಹೇಳುವವರ ಮುಂದೆ ಏನು ಮರ್ಯಾದೆ, ಎಷ್ಟು ಸಂಬಳ ಎಂಬುದನ್ನು ಊಹಿಸಿಕೊಳ್ಳಿ. ಅಲ್ಲಿದ್ದಾಗಲೇ ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಗೆ ಸಣ್ಣ ಕಥೆಗಳನ್ನು ಬರೆದರು. 1900ರಲ್ಲಿ ಬಂದ ಆ ಕಥೆಗಳನ್ನು ಹೊಸಗನ್ನಡದ ಮೊದಲ ಸಣ್ಣಕಥೆಗಳ ಸಾಲಿನಲ್ಲಿ ಇಡುತ್ತಾರೆ. ಹೆಸರು ಹಾಕಿಕೊಳ್ಳುವುದರಲ್ಲೂ ಸಂಕೋಚ, ‘ಕವಿಶಿಷ್ಯ’ ಎಂದು ಬರೆಯುತ್ತಿದ್ದರು. ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ಅಚ್ಚಿಗೆ ಕೊಡುವಷ್ಟು ವ್ಯಾಕರಣ ಬಲ್ಲವರು, ಒಂದನೆಯ ತರಗತಿಯ ಮಗು ಕೋಳಿಯ ಬಗ್ಗೆ ಏನು ಹಾಡಬೇಕು ಎಂಬ ಚಿಂತೆಯಲ್ಲಿ ಆಯುಷ್ಯ ಸವೆಸಿದರು. ದೊಡ್ಡ ವಿದ್ವತ್ತನ್ನು ಅಷ್ಟು ಕೆಳಗಿನ ಬೆಂಚಿನವರೆಗೆ ಇಳಿಸಿ ತಂದವರು ನಮ್ಮಲ್ಲಿ ಬಹಳ ಮಂದಿ ಇಲ್ಲ.

ಪಂಡಿತಗಿರಿಯಿಂದ ಶಾಲಾ ಇನ್‌ಸ್ಪೆಕ್ಟರ ಕೆಲಸಕ್ಕೆ ಬಂದಾಗ ಆ ಹುದ್ದೆಗೆ ಯಾವ ಹೆಸರಿತ್ತು ಎನ್ನುವುದು ಇಲ್ಲಿ ಮುಖ್ಯ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಪ್ರಾಂತದ ಅನುದಾನಿತ ಶಾಲೆಗಳಿಗೆ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ನಡೆದಿತ್ತು. ಇನ್‌ಸ್ಪೆಕ್ಟರು ಬಂದು ಒಂದೊಂದು ಮಗುವನ್ನು ನಿಲ್ಲಿಸಿ ಪರೀಕ್ಷೆ ಮಾಡುವುದು, ಎಷ್ಟು ಮಕ್ಕಳು ಪಾಸೋ ಅಷ್ಟು ಅನುದಾನ. ಮೇಷ್ಟ್ರ ಅನ್ನ ಆ ದಿನದ ಪರೀಕ್ಷೆಯ ಮೇಲೆ ನಿಂತಿತ್ತು. ಹಾಗಾಗಿ ಇನ್‌ಸ್ಪೆಕ್ಟರು ಕೇಳಬಹುದಾದ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸುವುದೇ ವರ್ಷವಿಡೀ ಪಾಠ. ಆ ದಿನ ಮಗು ತೊದಲಿದರೆ ಮೇಷ್ಟ್ರ ಮುಖ ಕಪ್ಪಿಡುತ್ತಿತ್ತು, ಸಾಹೇಬರು ಹೋದ ಮೇಲೆ ಬೆತ್ತ ಹೊರಗೆ ಬರುತ್ತಿತ್ತು. ಈ ಪದ್ಧತಿಯಿಂದ ಕಲಿಕೆ ಕೆಡುತ್ತಿದೆ ಎಂದು ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯದಲ್ಲಿ ಸರಕಾರವೇ ಒಪ್ಪಿಕೊಂಡು ಅದನ್ನು ಕೈಬಿಡುವ ಹಾದಿ ಹಿಡಿಯಿತು. ಆದರೆ ಪದ್ಧತಿ ಹೋದರೂ ಭಯ ಹೋಗಲು ತಲೆಮಾರು ಬೇಕು. ಪಂಜೆಯವರು ಆ ಭಯದ ಕಾಲದಲ್ಲಿ ಇನ್‌ಸ್ಪೆಕ್ಟರಾದರು.

ಅವರ ಜಿಲ್ಲೆಯನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಅಂದಿನ ದಕ್ಷಿಣ ಕನ್ನಡವೆಂದರೆ ತೆಂಕಲು ಕಾಸರಗೋಡಿನಿಂದ ಬಡಗಲು ಕುಂದಾಪುರದ ಆಚೆಯವರೆಗೆ. ಚಂದ್ರಗಿರಿ, ನೇತ್ರಾವತಿ, ಗುರುಪುರ, ಶಾಂಭವಿ, ಸೀತಾ, ಸ್ವರ್ಣಾ ಎಂದು ಎಣಿಸುತ್ತ ಹೋದಷ್ಟೂ ಹೊಳೆಗಳು, ಹೆಚ್ಚಿನವಕ್ಕೆ ಸೇತುವೆಯಿಲ್ಲ. ಕಡವಿನಲ್ಲಿ ದೋಣಿಗೆ ಕಾದು, ದಾಟಿ, ಗದ್ದೆಯ ಬದುವಿನ ಮೇಲೆ ನಡೆದು, ಗುಡ್ಡ ಹತ್ತಿ ಹೋದರೆ ಒಂದು ಶಾಲೆ. ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ನೆಲ, ಒಬ್ಬರೇ ಮೇಷ್ಟ್ರು, ಅಲ್ಲಿಯ ಮಾತಿನಲ್ಲಿ ಐಗಳು. ಆಟಿ ತಿಂಗಳ ಮಳೆಯಲ್ಲಿ ಈ ದಾರಿ ಹೇಗಿರುತ್ತದೆ ಎಂದು ಕರಾವಳಿಯಲ್ಲಿ ಕೆಲಸ ಮಾಡಿದ ನಿಮ್ಮಲ್ಲಿ ಕೆಲವರಿಗೆ ಗೊತ್ತು.

ಆ ಶಾಲೆಯೊಳಗೆ ಕುಳಿತ ಮಕ್ಕಳ ಮಾತು ಯಾವುದು? ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಟಿ, ಹವ್ಯಕ ಕನ್ನಡ, ಕುಂದಗನ್ನಡ. ಪುಸ್ತಕದ ಕನ್ನಡ ಇವರಲ್ಲಿ ಬಹುಪಾಲು ಮಕ್ಕಳಿಗೆ ಶಾಲೆಯಲ್ಲಿ ಮೊದಲ ಬಾರಿಗೆ ಕಿವಿಗೆ ಬಿದ್ದ ಭಾಷೆ. ಪಂಜೆಯವರ ಮನೆಮಾತೂ ಕೊಂಕಣಿಯೇ. ಕನ್ನಡವನ್ನು ಹೊರಗಿನಿಂದ ಬಂದು ಕಲಿಯುವ ಮಗುವಿಗೆ ಎಲ್ಲಿ ನಾಲಿಗೆ ತೊಡರುತ್ತದೆ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತೆಂದು ನಾನು ನಂಬುತ್ತೇನೆ. ಆ ಕಾಲದ ಪಾಠಗಳಲ್ಲಿ ನೀತಿವಾಕ್ಯ ಹೆಚ್ಚು, ಸಂಸ್ಕೃತದ ಭಾರ ಹೆಚ್ಚು, ಮಗು ನಗುವಂಥದ್ದು ಕಡಿಮೆ. ಅದನ್ನು ಕಂಡ ಮೇಲೆ ಒಬ್ಬ ಇನ್‌ಸ್ಪೆಕ್ಟರು ಏನು ಮಾಡಬಹುದು? ಮಕ್ಕಳ ಉಚ್ಚಾರಣೆ ಸುಧಾರಿಸಬೇಕು ಎಂದು ಪುಸ್ತಕದಲ್ಲಿ ಒಂದು ಸಾಲು ಬರೆದು, ಸಹಿ ಹಾಕಿ, ಮುಂದಿನ ಕಡವಿಗೆ ಹೊರಡಬಹುದು. ಪಂಜೆಯವರು ಆ ಮಕ್ಕಳು ಹೇಳಬಹುದಾದ ಕನ್ನಡವನ್ನು ಕಟ್ಟಿಕೊಡಲು ಕುಳಿತರು.

‘ನಾಗರಹಾವು’ ಪದ್ಯವನ್ನೇ ತೆಗೆದುಕೊಳ್ಳಿ. ನಾನು ಅದನ್ನು ಎಷ್ಟೋ ತಂಡ ಮಕ್ಕಳಿಗೆ ಹೇಳಿಕೊಟ್ಟವಳು, ಅದರ ಕಸುಬುದಾರಿಕೆ ನನಗೆ ಪಾಠ ಮಾಡುತ್ತ ಮಾಡುತ್ತ ತಿಳಿಯಿತು. ಮಗು ಹಾವಿನೊಡನೆ ನೇರ ಮಾತಾಡುತ್ತದೆ. ಮೊದಲು ಕರೆಯುತ್ತದೆ, ಹಾಲು ಕೊಡುತ್ತೇನೆ ಎನ್ನುತ್ತದೆ, ಕೊನೆಗೆ ಆಚೆ ಅಟ್ಟುತ್ತದೆ. ಭಕ್ತಿ, ಆಸೆ, ಹೆದರಿಕೆ ಮೂರೂ ನಾಲ್ಕಾರು ನುಡಿಗಳಲ್ಲಿ ಬಂದುಹೋಗುತ್ತವೆ. ನುಡಿಯ ಕೊನೆಯಲ್ಲಿ ಒಂದೇ ಅಕ್ಷರದ ಕರೆ ಮತ್ತೆ ಮತ್ತೆ ಬರುತ್ತದೆ. ಸಾಲು ಮರೆತ ಮಗುವೂ, ಕನ್ನಡವೇ ಬಾರದ ಮಗುವೂ, ಹಿಂದಿನ ಬೆಂಚಿನಲ್ಲಿ ನಿದ್ದೆಗಣ್ಣಿನಲ್ಲಿರುವ ಮಗುವೂ ಆ ಜಾಗಕ್ಕೆ ಬಂದಾಗ ಎಲ್ಲರೊಡನೆ ಕೂಗಿ ಹೇಳಬಹುದು. ಕೈಯನ್ನು ಹೆಡೆ ಮಾಡಿಕೊಂಡು ಆಡಬಹುದು. ತರಗತಿಯಲ್ಲಿ ಕೊನೆಯ ಮಗುವಿಗೂ ಒಂದು ಪಾಲು ಇಡಬೇಕು ಎಂಬುದು ಪಾಠ ಮಾಡಿ ಗೊತ್ತಿದ್ದವನ ಬುದ್ಧಿ. ಬರೀ ಕವಿಗೆ ಇದು ಹೊಳೆಯುವುದು ಕಷ್ಟ.

‘ತೆಂಕಣ ಗಾಳಿಯಾಟ’ದ ಲಯವೂ ಹಾಗೇ, ಕರಾವಳಿಯ ಮಗು ಕಿಟಕಿಯಾಚೆ ಕೇಳುವ ಮಳೆಗಾಳಿಯದ್ದೇ ಸದ್ದು. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆ ಇದೆಯಲ್ಲ, ಅದರ ಹೆಸರಿಗೇ ಕಡಲತಡಿಯ ಮನೆಯಂಗಳದ ವಾಸನೆ ಇದೆ. ಕೇಳಿದವರೆಲ್ಲ ಕಾರಣವನ್ನು ಇನ್ನೊಬ್ಬರ ಮೇಲೆ ಹೊರಿಸುತ್ತ ಹೋಗುವ ಸರಪಣಿ ಕಥೆ ಅದು. ಒಂದೇ ವಾಕ್ಯರಚನೆ ಹೆಸರು ಬದಲಾಗಿ ಬದಲಾಗಿ ಬರುತ್ತದೆ. ಮಗುವಿಗೆ ಮೂರನೆಯ ಸುತ್ತಿನಲ್ಲಿ ಮುಂದಿನ ವಾಕ್ಯ ತಾನಾಗಿ ಹೊಳೆಯುತ್ತದೆ, ಮೇಷ್ಟ್ರು ಹೇಳುವ ಮೊದಲೇ ಹೇಳಿಬಿಡುತ್ತದೆ. ಪ್ರಶ್ನೆ ಕೇಳುವುದು, ಕಾರಣ ಹೇಳುವುದು ಎರಡನ್ನೂ ವ್ಯಾಕರಣದ ಹೆಸರೆತ್ತದೆ ಕಲಿಸುವ ಈ ಉಪಾಯಕ್ಕೆ ಇವತ್ತಿನ ತರಬೇತಿಗಳಲ್ಲಿ ನಾವು ಉದ್ದುದ್ದ ಹೆಸರು ಇಟ್ಟುಕೊಂಡಿದ್ದೇವೆ. ‘ಹೇನು ಸತ್ತು ಕಾಗೆ ಬಡವಾಯಿತು’, ‘ಕೊಕ್ಕೋ ಕೋಳಿ’, ‘ಗುಡು ಗುಡು ಗುಮ್ಮಟ ದೇವರು’ ಎಲ್ಲವೂ ಇದೇ ಕೈಯ ಕೆಲಸ. ಹೇನು, ಕಾಗೆ, ಕೋಳಿ, ಸಿಗಡಿಗಳನ್ನು ಸರಕಾರಿ ಇಲಾಖೆಯ ಮನುಷ್ಯನೊಬ್ಬ ಪಾಠದ ಮರ್ಯಾದೆಗೆ ಏರಿಸಿದ ಎಂಬುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

ಶಾಲೆಗೆ ಹೋದಾಗ ಪಂಜೆಯವರು ಕುರ್ಚಿಯಲ್ಲಿ ಕುಳಿತು ಪ್ರಶ್ನೆ ಕೇಳಿ ಮುಗಿಸುತ್ತಿರಲಿಲ್ಲ, ತಾವೇ ಕಥೆ ಹೇಳಿ, ಹಾಡಿ, ಅಭಿನಯಿಸಿ ಪಾಠ ಮಾಡಿ ತೋರಿಸುತ್ತಿದ್ದರು ಎಂದು ಅವರನ್ನು ಕಂಡವರು ನೆನೆಸಿಕೊಂಡಿದ್ದಾರೆ. ನನ್ನ ಇಡೀ ಪತ್ರ ಈ ಒಂದು ವಿಷಯದ ಮೇಲೆ ನಿಂತಿದೆ. ಐಗಳ ಮುಂದೆ ಇನ್‌ಸ್ಪೆಕ್ಟರೇ ಪಾಠ ಮಾಡುವುದೆಂದರೆ ಏನೆಂದು ಯೋಚಿಸಿ. ಆ ಹೊತ್ತಿಗೆ ತಪ್ಪುವ ಅಪಾಯ ಅಧಿಕಾರಿಯ ಪಾಲಿಗೆ ಬರುತ್ತದೆ. ಮಕ್ಕಳು ನಗದಿದ್ದರೆ, ಉತ್ತರ ಬಾರದಿದ್ದರೆ, ಗದ್ದಲ ಎದ್ದರೆ ಅದು ಅವರ ಸೋಲು, ಐಗಳು ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾರೆ. ಹಾಗೆ ತನ್ನನ್ನು ಒಡ್ಡಿಕೊಂಡವನಿಗೆ ಆಮೇಲೆ ಸಲಹೆ ಕೊಡುವ ಹಕ್ಕು ಬರುತ್ತದೆ. ಆತ ಹೇಳಿದ ಮಾತನ್ನು ಕೇಳುವ ಮನಸ್ಸೂ ಎದುರಿನವರಿಗೆ ಬರುತ್ತದೆ.

ಮುಂದೆ ಟ್ರೈನಿಂಗ್ ಶಾಲೆಯಲ್ಲಿ ಶಿಕ್ಷಕರಾಗುವವರಿಗೆ ಪಾಠ ಹೇಳಿದರು. ಬಾಸೆಲ್ ಮಿಷನ್ನಿನವರಿಗೆ ಕನ್ನಡ ಪಠ್ಯಪುಸ್ತಕ ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳ ಪುಸ್ತಕ ಪ್ರಕಟಿಸುವ ಕೆಲಸಕ್ಕೆ ಕೈಹಾಕಿದರು. ಇದನ್ನು ಯಾವ ಮೇಲಧಿಕಾರಿಯೂ ಸುತ್ತೋಲೆ ಕಳಿಸಿ ಮಾಡಿಸಿದ್ದಲ್ಲ. ಶಾಲೆಗಳಲ್ಲಿ ಪುಸ್ತಕವಿಲ್ಲ ಎಂದು ಕಣ್ಣಾರೆ ಕಂಡಿದ್ದರು, ಅಷ್ಟೆ.

ಆಮೇಲೆ ಅವರು ಮಡಿಕೇರಿಗೆ ಹೋದರು, ಸೆಂಟ್ರಲ್ ಹೈಸ್ಕೂಲಿನ ಹೆಡ್‌ಮಾಸ್ತರಾಗಿ. ಊರೂರ ಶಾಲೆಗಳನ್ನು ನೋಡುತ್ತಿದ್ದವರು ಮತ್ತೆ ಒಂದು ಶಾಲೆಯ ಗೋಡೆಗಳ ಒಳಗೆ. ಕೊಡಗು ಆಗ ಚೀಫ್ ಕಮಿಷನರರ ಆಡಳಿತದ ಬೇರೆಯೇ ಪ್ರಾಂತ, ಮಕ್ಕಳ ಮಾತು ಕೊಡವ ತಕ್ಕ್. ಕರಾವಳಿಯಿಂದ ಘಟ್ಟ ಹತ್ತಿ ಬಂದ ಹೆಡ್‌ಮಾಸ್ತರು ಆ ಊರಿನ ಸುಗ್ಗಿಯ ಹಬ್ಬ ನೋಡಿ ‘ಹುತ್ತರಿ ಹಾಡು’ ಬರೆದರು. ಆ ನೆಲದ ಬೆಟ್ಟ, ಕಾವೇರಿ, ವೀರರನ್ನೆಲ್ಲ ಸೇರಿಸಿ ಕಟ್ಟಿದ ಆ ಪದ್ಯವನ್ನು ಕೊಡಗಿನವರು ತಮ್ಮದೆಂದೇ ಇವತ್ತಿಗೂ ಹಾಡುತ್ತಾರೆ. ವರ್ಗವಾಗಿ ಹೋದ ಊರನ್ನು ಹೀಗೆ ಒಳಗೆ ತೆಗೆದುಕೊಂಡ ಸರಕಾರಿ ನೌಕರರು ಅಪರೂಪ. ನಿಮಗೂ ವರ್ಗಾವಣೆ ತಪ್ಪಿದ್ದಲ್ಲ. ಕೌನ್ಸೆಲಿಂಗ್‌ನಲ್ಲಿ ಸಿಕ್ಕ ತಾಲ್ಲೂಕಿನ ಹಾಡು, ಕಥೆ, ಮಕ್ಕಳ ಮನೆಮಾತು ಇವುಗಳಲ್ಲಿ ಯಾವುದಾದರೊಂದನ್ನು ಕಲಿತು ಶಾಲೆಗಳಿಗೆ ಹೋಗುವವರು ನಿಮ್ಮಲ್ಲಿ ಇದ್ದಾರೆ, ನಾನು ಕಂಡಿದ್ದೇನೆ. ಅವರ ಸಂಖ್ಯೆ ಹೆಚ್ಚಬೇಕು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. 1937ರ ಅಕ್ಟೋಬರ್ 25ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಪಂಜೆಯವರನ್ನು ಕುರಿತು ಕುವೆಂಪು ಕವಿತೆ ಬರೆದರು.

ಪಂಜೆಯವರಿಗಿಂತ ಮೊದಲೂ ಇಂಥವರೊಬ್ಬರು ಇದ್ದರು, ಧಾರವಾಡದ ಕಡೆಯ ನಿಮಗೆ ಅವರ ಹೆಸರು ಹೇಳಿಕೊಡಬೇಕಾಗಿಲ್ಲ. ಡೆಪ್ಯುಟಿ ಚನ್ನಬಸಪ್ಪ. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡವರು, ಐವತ್ತು ವರ್ಷ ತುಂಬಲಿಲ್ಲ. ಪುಣೆಗೆ ಹೋಗಿ ಇಂಗ್ಲಿಷ್ ಕಲಿತು ಬಂದು, ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ, ಆಮೇಲೆ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರಾದರು. ಪೇಶ್ವೆಯರ ಕಾಲದಿಂದ ಬಂದ ಮರಾಠಿ ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳನ್ನೂ ಆವರಿಸಿತ್ತು. ಕನ್ನಡ ಆಡುವ ಮಕ್ಕಳು ಮರಾಠಿಯಲ್ಲಿ ಅಕ್ಷರ ಕಲಿಯುತ್ತಿದ್ದರು. ಚನ್ನಬಸಪ್ಪನವರು ತಮ್ಮ ಹುದ್ದೆಯ ಅಧಿಕಾರವನ್ನು ಇಡಿಯಾಗಿ ಒಂದೇ ಕೆಲಸಕ್ಕೆ ಹಾಕಿದರು: ಊರೂರು ತಿರುಗಿ ಕನ್ನಡ ಶಾಲೆ ತೆರೆಯಿಸುವುದು, ಅಲ್ಲಿಗೆ ಕನ್ನಡ ಬಲ್ಲ ಶಿಕ್ಷಕರನ್ನು ಕಳಿಸುವುದು. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಯ ಬೆಂಬಲ ಸಿಕ್ಕಿತು, ಉಪಯೋಗಿಸಿಕೊಂಡರು. ಶೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಅದರಲ್ಲಿ ಸೇರಲು ಕನ್ನಡದಲ್ಲಿ ಓದು ಬರಹ ಕಲಿತ ಜನ ಇದ್ದರು ಎನ್ನುವುದಕ್ಕೆ ಆ ಹಿಂದಿನ ಮೂವತ್ತು ವರ್ಷದ ಶಾಲೆಗಳೇ ಕಾರಣ. ಚನ್ನಬಸಪ್ಪನವರು ಹೋದ ಮೇಲೂ ಜನ ‘ಡೆಪ್ಯುಟಿ’ ಎಂಬ ಹುದ್ದೆಯನ್ನು ಅವರ ಹೆಸರಿನಿಂದ ಬಿಡಿಸಲಿಲ್ಲ. ನಿಮ್ಮ ಹುದ್ದೆಗೆ ಇಷ್ಟು ಶಕ್ತಿ ಇದೆ ಎಂದು ನೆನಪಿಸಲು ಇದನ್ನು ಹೇಳಿದೆ.

ಈಗ ಇವತ್ತಿನ ವಿಷಯ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳ (ಬಿಆರ್‌ಸಿ, ಸಿಆರ್‌ಸಿ) ವ್ಯವಸ್ಥೆ 1990ರ ದಶಕದಲ್ಲಿ ಡಿಪಿಇಪಿ ಯೋಜನೆಯೊಂದಿಗೆ ಬಂದಾಗ ಅದರ ಆಶಯ ಸ್ಪಷ್ಟವಾಗಿತ್ತು. ಒಳ್ಳೆಯ ಶಿಕ್ಷಕರೊಬ್ಬರು ಹತ್ತಿಪ್ಪತ್ತು ಶಾಲೆಗಳಿಗೆ ಹೋಗಿ, ಅಲ್ಲಿನವರ ಜೊತೆ ಕುಳಿತು, ಪಾಠದ ತೊಡಕು ಬಿಡಿಸಬೇಕು, ತಿಂಗಳಿಗೊಮ್ಮೆ ಸಮಾಲೋಚನಾ ಸಭೆಯಲ್ಲಿ ಒಬ್ಬರ ಅನುಭವ ಇನ್ನೊಬ್ಬರಿಗೆ ದಾಟಬೇಕು. ಆ ಸಿಆರ್‌ಪಿ ಇವತ್ತು ಏನು ಮಾಡುತ್ತಿದ್ದಾರೆ? ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ಹೆಸರು ಏರಿಸಿದ್ದಾರೆಯೇ, ಆಧಾರ್ ಜೋಡಣೆ ಆಗಿದೆಯೇ, ಶೂ ಸಾಕ್ಸ್ ಹಂಚಿದ ಫೋಟೊ ಬಂದಿದೆಯೇ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಸಂಜೆ 4ರೊಳಗೆ ಗೂಗಲ್ ಶೀಟ್ ತುಂಬಿ ಕಳಿಸಿ. ವಾಟ್ಸ್‌ಆಪ್ ಗುಂಪಿನಲ್ಲಿ ಬೆಳಿಗ್ಗೆ ಬಂದ ಆದೇಶಕ್ಕೆ ಮಧ್ಯಾಹ್ನ ‘ಅತಿ ಜರೂರು’ ಎಂಬ ಜ್ಞಾಪನ, ಸಂಜೆಗೆ ಕಾರಣ ಕೇಳುವ ನೋಟಿಸಿನ ಎಚ್ಚರಿಕೆ. ಬಿಇಒ ಕಚೇರಿಯಲ್ಲಿ ನ್ಯಾಯಾಲಯದ ಪ್ರಕರಣ, ವೇತನ ಬಡ್ತಿ, ಪಿಂಚಣಿ ಕಡತ, ಚುನಾವಣೆಯ ಕೆಲಸ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ತಾಲ್ಲೂಕು ಎಷ್ಟನೆಯದು ಎಂಬ ತಲೆಬಿಸಿ. ಇದೆಲ್ಲವೂ ನಿಮ್ಮ ತಲೆಯ ಮೇಲೆ ಬಂದದ್ದು, ನೀವು ಬಯಸಿದ್ದಲ್ಲ.

ಆದರೂ ತರಗತಿಯ ಒಳಗಿನಿಂದ ನೋಡಿದಾಗ ಅದು ಹೇಗೆ ಕಾಣುತ್ತದೆ ಎಂದು ಹೇಳಲೇಬೇಕು. ನಾನಿದ್ದ ಒಂದು ಶಾಲೆಗೆ ಭೇಟಿಗೆಂದು ಬಂದವರು ಅಡುಗೆಕೋಣೆ, ಶೌಚಾಲಯ, ದಾಸ್ತಾನು ಎಲ್ಲದರ ಫೋಟೊ ತೆಗೆದರು. ಹಾಜರಿಯ ಲೆಕ್ಕ ಬರೆದುಕೊಂಡರು. ನಾಲ್ಕನೆಯ ತರಗತಿಗೆ ಬಂದು ಬಾಗಿಲಲ್ಲಿ ನಿಂತರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಓದಿ ತೋರಿಸಬೇಕೆಂದು ಪುಸ್ತಕ ತೆರೆದು ಎದ್ದು ನಿಂತಿದ್ದಳು, ಬೆರಳು ಮೊದಲ ಸಾಲಿನ ಮೇಲೆ ಇಟ್ಟುಕೊಂಡಿದ್ದಳು. ಅಷ್ಟರಲ್ಲಿ ಬ್ಲಾಕ್ ಕಚೇರಿಯಿಂದ ಫೋನು. ಮಾತಾಡುತ್ತ ಅಂಗಳಕ್ಕೆ ಹೋದವರು ಅಲ್ಲಿಂದಲೇ ಬೈಕ್ ಹತ್ತಿದರು. ಸಂದರ್ಶಕರ ಪುಸ್ತಕದಲ್ಲಿ ‘ಕಲಿಕಾ ಗುಣಮಟ್ಟ ಉತ್ತಮಪಡಿಸಲು ಸೂಚಿಸಿದೆ’ ಎಂಬ ಸಾಲು ಮೊದಲೇ ಬರೆದಾಗಿತ್ತು. ಅವರು ಕೆಟ್ಟವರಲ್ಲ. ಶಿಕ್ಷಕರಾಗಿದ್ದಾಗ ನಾಟಕ ಮಾಡಿಸಿ ಮಕ್ಕಳನ್ನು ಹುರಿದುಂಬಿಸಿದವರೆಂದು ಆ ಊರಿನವರೇ ಹೇಳುತ್ತಿದ್ದರು. ಇಂಥ ಶಿಕ್ಷಕನನ್ನು ತರಗತಿಯಿಂದ ತೆಗೆದು ಫೋಟೊ ಕಳಿಸುವ ಕೆಲಸಕ್ಕೆ ಹಾಕಿದರೆ ಎರಡು ಕಡೆಯೂ ನಷ್ಟ.

ಇನ್ನೊಬ್ಬರನ್ನೂ ಕಂಡಿದ್ದೇನೆ. ಶಿಕ್ಷಣ ಸಂಯೋಜಕಿಯಾಗಿದ್ದ ಅವರು ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಗೆ ಬಂದು ಮ್ಯಾಟಿನ ಮೇಲೆ ಮಕ್ಕಳ ನಡುವೆ ಕುಳಿತರು. ಅಲ್ಲಿ ಬ್ಯಾರಿ ಮನೆಯ ಹುಡುಗನೊಬ್ಬನಿದ್ದ, ಶಾಲೆಗೆ ಸೇರಿ ವರ್ಷವಾದರೂ ತರಗತಿಯಲ್ಲಿ ಬಾಯಿ ಬಿಡದವನು. ‘ಇವತ್ತು ಮನೆಯಲ್ಲಿ ಏನು ಸಾರು?’ ಎಂದು ಕೇಳಿದರು. ಅವನು ಮೆಲ್ಲಗೆ ‘ಮೀನ್’ ಎಂದ. ಅವನ ಸ್ಲೇಟಿನ ಮೇಲೆ ಅವನು ಹೇಳಿದ್ದನ್ನೇ ಬರೆದು ಓದಿಸಿದರು, ಅದರ ಪಕ್ಕದಲ್ಲಿ ‘ಮೀನು’ ಎಂದು ಬರೆದು ಅದನ್ನೂ ಓದಿಸಿದರು. ಅವನಿಗೆ ಎರಡೂ ಓದಲು ಬಂತು. ಬಂದದ್ದು ತಿಳಿದು ಸ್ಲೇಟನ್ನು ಎಲ್ಲರಿಗೂ ತೋರಿಸುತ್ತ ತರಗತಿಯನ್ನೆಲ್ಲ ಸುತ್ತಿದ. ಅವರು ಹೋಗುವ ಮೊದಲು ನಮಗೆ ಉಪದೇಶವನ್ನೇನೂ ಹೇಳಲಿಲ್ಲ. ಮರುದಿನದಿಂದ ನಾವೆಲ್ಲ ಮಕ್ಕಳ ಮನೆಮಾತಿನ ಪದಗಳನ್ನು ಬರೆಸಿ ಓದಿಸಲು ಶುರು ಮಾಡಿದೆವು. ಹತ್ತು ಸುತ್ತೋಲೆಯಿಂದ ಆಗದ್ದು ಅರ್ಧ ಗಂಟೆಯಲ್ಲಿ ಆಯಿತು.

ಇದು ಬಿಡಿ ಘಟನೆ, ಇದರಿಂದ ವ್ಯವಸ್ಥೆ ಬದಲಾಗುತ್ತದೆಯೇ ಎಂದು ನೀವು ಕೇಳಬಹುದು. ಆ ನಲಿಕಲಿಯ ಹುಟ್ಟನ್ನೇ ನೋಡಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಶಾಲೆಗಳನ್ನು ನೋಡಿ ಬಂದರು. ಬಂದು ತಮ್ಮ ಮಕ್ಕಳಿಗೆ ಬೇಕಾದ ಕಾರ್ಡು, ಹಾಡು, ಆಟಗಳನ್ನು ತಾವೇ ಬರೆದರು, ಅವರ ಬೆನ್ನಿಗೆ ನಿಂತ ಅಧಿಕಾರಿಗಳು ಇದ್ದರು. ಕಪ್ಪುಹಲಗೆಯನ್ನು ಮಕ್ಕಳ ಕೈಗೆಟುಕುವ ಮಟ್ಟಕ್ಕೆ ಇಳಿಸಿದರು. ಕಾಡಂಚಿನ ಆ ತಾಲ್ಲೂಕಿನಿಂದ ಹೊರಟದ್ದು ಮುಂದೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ 1ರಿಂದ 3ನೆಯ ತರಗತಿಯವರೆಗೆ ಹಬ್ಬಿತು. ಶಿಕ್ಷಕರೇ ಮಾಡಿಕೊಂಡ ಕಡೆ ಅದು ಜೀವಂತವಾಗಿತ್ತು, ಆದೇಶವಾಗಿ ಪೆಟ್ಟಿಗೆಯಲ್ಲಿ ಬಂದಿಳಿದ ಕಡೆ ಎಷ್ಟೋ ಸಲ ಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿದವು. ಎರಡರ ನಡುವಿನ ಅಂತರವನ್ನು ತುಂಬಬೇಕಾದವರು ನೀವು. ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೆಯ ತರಗತಿಯ ಪಾಠ ಸರಾಗವಾಗಿ ಓದಲು ಬರುವುದಿಲ್ಲ ಎಂದು ಅಸರ್ ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ಎಷ್ಟು ಮಾಹಿತಿ ಏರಿಸಿದರೂ ಆ ಮಗುವಿಗೆ ಓದು ಬರುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕುಳಿತು ಓದಿಸಿದರೆ ಬರುತ್ತದೆ.

ನೇರ ನೇಮಕಾತಿಯಿಂದ ಬಂದ ಕಿರಿಯ ಅಧಿಕಾರಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಕಪ್ಪುಹಲಗೆಯ ಮುಂದೆ ನಿಂತ ಅನುಭವ ಇಲ್ಲದಿದ್ದರೆ ಅದು ಕೊರತೆಯೆಂದು ಭಾವಿಸಬೇಡಿ, ಆದರೆ ಕೊರತೆಯಾಗಿ ಉಳಿಯಲೂ ಬಿಡಬೇಡಿ. ನಿಮ್ಮ ತಾಲ್ಲೂಕಿನ ಒಂದು ಶಾಲೆಯನ್ನು ಆರಿಸಿಕೊಂಡು ವಾರಕ್ಕೊಂದು ಪೀರಿಯಡ್ ಪಾಠ ಮಾಡಿ. ಮೊದಲ ದಿನ ಮಕ್ಕಳು ಕೈ ಮೀರಿ ಹೋಗುತ್ತಾರೆ. ಪರವಾಗಿಲ್ಲ, ನಮ್ಮೆಲ್ಲರ ಮೊದಲ ದಿನವೂ ಹಾಗೇ ಇತ್ತು. ಆ ಶಾಲೆಯ ಹಿರಿಯ ಟೀಚರನ್ನು ಕೇಳಿ, ಸಂತೋಷದಿಂದ ಹೇಳಿಕೊಡುತ್ತಾರೆ. ಕೆಳಗಿನವರಿಂದ ಕಲಿತರೆ ಅಧಿಕಾರ ಕುಗ್ಗುತ್ತದೆಂದು ಯಾರಾದರೂ ನಿಮಗೆ ಹೇಳಿದ್ದರೆ ಅದು ಸುಳ್ಳು.

ಮತ್ತು ಡಿಡಿಪಿಐ, ಆಯುಕ್ತರ ಕಚೇರಿಗಳವರೂ ಈ ಪತ್ರ ನೋಡಿದರೆ ಅವರಲ್ಲೂ ಒಂದು ವಿನಂತಿ. ವಾರದಲ್ಲಿ ಎರಡು ದಿನ ಸಿಆರ್‌ಪಿಗಳಿಂದ ಯಾವ ಮಾಹಿತಿಯನ್ನೂ ಕೇಳಬೇಡಿ. ಆ ಎರಡು ದಿನ ಅವರು ತರಗತಿಯಲ್ಲಿರಲಿ. ಒಮ್ಮೆ ಕೊಟ್ಟ ಅಂಕಿಯನ್ನು ಮೂರು ನಮೂನೆಯಲ್ಲಿ ಮತ್ತೆ ಕೇಳುವುದನ್ನು ನಿಲ್ಲಿಸಿದರೆ ಇದಕ್ಕೆ ಬೇಕಾದ ಸಮಯ ತಾನಾಗಿ ಸಿಗುತ್ತದೆ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ.

ನಿಮ್ಮೆಲ್ಲರಲ್ಲಿ ನಾನು ಕೇಳುವುದು ಇಷ್ಟು. ಶಾಲಾ ಭೇಟಿಯ ದಿನ ಹಾಜರಿ ಪುಸ್ತಕ ತೆರೆಯುವ ಮೊದಲು ಒಂದು ತರಗತಿಗೆ ಹೋಗಿ ಒಂದು ಪಾಠ ಮಾಡಿ. ಕನ್ನಡವೋ ಗಣಿತವೋ, ನಿಮಗೆ ಪ್ರೀತಿ ಇರುವುದನ್ನೇ ಮಾಡಿ. ಆ ತರಗತಿಯ ಟೀಚರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಿ. ಮುಗಿದ ಮೇಲೆ ಎಲ್ಲಿ ಚೆನ್ನಾಗಿ ಬಂತು, ಎಲ್ಲಿ ಮಕ್ಕಳು ಹಿಂದೆ ಉಳಿದರು ಎಂದು ಇಬ್ಬರೂ ಕೂಡಿ ಮಾತಾಡಿ. ಕನಿಷ್ಠ ಮೂರು ಮಕ್ಕಳು ಓದುವುದನ್ನು ನಿಮ್ಮ ಕಿವಿಯಿಂದ ಕೇಳಿ, ಹಿಂದಿನ ಸಾಲಿನಿಂದಲೇ ಶುರು ಮಾಡಿ. ಸಂದರ್ಶಕರ ಪುಸ್ತಕದಲ್ಲಿ ಆ ದಿನ ನೀವು ಯಾವ ಪಾಠ ಮಾಡಿದಿರಿ ಎಂದು ಬರೆದು ಸಹಿ ಹಾಕಿ. ಫೋಟೊ, ದಾಸ್ತಾನು, ಕಡತಗಳನ್ನು ಆಮೇಲೆ ನೋಡಿ.

ಬರುವ ಜೂನ್‌ನಲ್ಲಿ ಶಾಲೆ ಶುರುವಾದಾಗ ಮೊದಲ ಭೇಟಿಯಿಂದಲೇ ಇದನ್ನು ಆರಂಭಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಇಂತು ನಿಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ದಕ್ಷಿಣ ಕನ್ನಡ